ಕಟ್ಟೆ ಗಂಗಮ್ಮನ ಮೀಸೆ

"ಆ ಬಿಂದಿಗೆ ಎಲ್ಲಿಂದ ತಂದ್ಯೋ ಅಲ್ಲೇ ಇಟ್ಬುಟ್ಟು ಬಾ" ಎಂದು ಅಂಜಮ್ಮ ಬಾಗಿಲಿಗೆ ಅಡ್ಡ ನಿಂತಳು.

ಮೈದುನ ಸೀನಪ್ಪ ಬಿಂದಿಗೆಯನ್ನು ಇಳಿಸಲೂ ಆರದೆ, ಹಿಡಿದುಕೊಂಡಿರಲೂ ಆರದೆ ಅಂಗಳದಲ್ಲೇ ಉಳಿದ. ಬಿಂದಿಗೆಯ ತುಂಬ ಅರಿಶಿನದ ನೀರು, ಬಾಯಿಗೆ ಬೇವಿನ ಸೊಪ್ಪು. ಅವನ ಬೆನ್ನ ಹಿಂದೆ, ಬೀದಿಯ ಆಚೆ ಬದಿಯ ಹುಣಸೆಮರದ ಕೆಳಗೆ ಊರಿನ ಗಂಡಸರೆಲ್ಲ ಕೂತಿದ್ದರು. ಸಾವಿನ ಮನೆಗೆ ಬಂದವರಂತೆ ಮುಖ ಸಣ್ಣದು ಮಾಡಿಕೊಂಡಿದ್ದರೇ ಹೊರತು ಯಾರೂ ಬೀದಿ ದಾಟಿ ಈಚೆ ಬಂದಿರಲಿಲ್ಲ. ಒಳಗೆ ನಡುಮನೆಯ ಚಾಪೆಯ ಮೇಲೆ ಅಂಜಮ್ಮನ ಗಂಡ ಕದಿರಪ್ಪ ಮಲಗಿದ್ದ. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದು ಕೂತವನು, ನೀರು ತರುವಷ್ಟರಲ್ಲಿ ಇಲ್ಲವಾಗಿದ್ದ.

"ಅತ್ಗೇ, ಮುನಿಸಾಮಣ್ಣ ಒಂದೇ ಮಾತು ಯೇಳವ್ನೆ. ಈ ನೀರು ತಗೊಂಡೋಗಿ ಗಂಗಮ್ಮನ ತಲೆ ಮೇಲೆ ಉಯ್ದು, ನಮ್ಮೋನು ಮಾಡಿದ್ದು ತಪ್ಪಾಯ್ತು ತಾಯಿ ಅಂದ್ಬುಟ್ರೆ ಸಾಕಂತೆ. ಎಲ್ರೂ ಬಂದು ಎಗಲು ಕೊಡ್ತಾರಂತೆ."

"ಅನ್ನದಿದ್ರೆ?"

"ಅನ್ನದಿದ್ರೆ ಒಬ್ರೂ ಚಟ್ಟ ಮುಟ್ಟಲ್ಲಂತೆ."

ಮುನಿಸ್ವಾಮಪ್ಪ ಊರಿಗೆ ಹಿರಿಯ, ಕೆರೆಯ ಕಟ್ಟೆಯ ಮೇಲಿನ ಗಂಗಮ್ಮನಿಗೆ ಪೂಜಾರಿ. ಲೆಕ್ಕ ಹಾಕಿಯೇ ಬಿಂದಿಗೆ ಕಳಿಸಿದ್ದ. ಕದಿರಪ್ಪನಿಗೆ ಗಂಡುಮಕ್ಕಳಿಲ್ಲ. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕಾದವನು ತಮ್ಮ ಸೀನಪ್ಪ, ಮಡಕೆ ಹಿಡಿದವನು ಚಟ್ಟಕ್ಕೆ ಹೆಗಲು ಕೊಡುವ ಹಾಗಿಲ್ಲ. ಇದ್ದ ಒಬ್ಬ ಅಳಿಯ ಮಿಲಿಟರಿಯವನು, ಅಸ್ಸಾಮಿನ ಕಡೆ ಎಲ್ಲೋ ಇದ್ದ. ಅಂಜಮ್ಮನ ತವರಿನವರು ಗಡಿಯಾಚೆ ಕುಪ್ಪಂ ಕಡೆಯವರು, ಸುದ್ದಿ ಮುಟ್ಟಿ ಅವರು ಬಂದು ಸೇರುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹೊತ್ತು ಮುಳುಗುವುದರೊಳಗೆ ಹೆಣ ಮಣ್ಣು ಸೇರಬೇಕು. ಇನ್ನು ಅಂಜಮ್ಮ ಎಲ್ಲಿಗೆ ಹೋಗುತ್ತಾಳೆ, ಬಂದೇ ಬರುತ್ತಾಳೆ ಎಂದು ಹುಣಸೆಮರದ ಕೆಳಗೆ ಕೂತವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಮಗಳು ಕನಕಮ್ಮ ಒಳಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. ಗಂಡನ ಮನೆ ಬೇತಮಂಗಲ. ಬೆಳಗಿನ ಬಸ್ಸಿಗೇ ಓಡಿ ಬಂದಿದ್ದಳು.

"ಅಮ್ಮಾ, ಬಾಯಿ ಮಾತಿಗೆ ಒಂದ್ಸಲ ಅಂದ್ಬುಡು. ಅಪ್ಪನಿಗೇನು ಕೇಳಿಸ್ತದಾ?"

"ಕೇಳಿಸಲ್ಲ ಅಂತಲೇ ಅನ್ನಲ್ಲ ಕಣೆ. ಬದುಕಿದ್ದಾಗ ಆಗಿದ್ರೆ, ಇಲ್ಲ ಅಂತ ತಿರುಗಿ ಒಂದು ಮಾತು ಆಡಿರೋನು. ಈಗ ಅವನ ಬಾಯಿ ಕಟ್ಟೋಗೈತೆ. ಕಟ್ಟೋಗಿರೋ ಬಾಯಲ್ಲಿ ನಾನು ತಪ್ಪಾಯ್ತು ಅನ್ನಿಸ್ಲಾ?"

ಬಾಗಿಲ ಪಕ್ಕದ ಜಗಲಿಯಲ್ಲಿ ಕೂತಿದ್ದ ಕದಿರಪ್ಪನ ದೊಡ್ಡಮ್ಮ, ಊರಿಗೆಲ್ಲ ಪೆದ್ದಮ್ಮ, ಬಾಯಿಯ ಎಲೆ ಅಡಿಕೆ ಪಕ್ಕಕ್ಕೆ ದೂಡಿಕೊಂಡು ಗೊಣಗಿದಳು. "ಎಲ್ಲಾ ಆ ಕಲ್ಲು ನೋಡೋ ಚಟದಿಂದ ಬಂದಿದ್ದು."

ಅದು ಮಾತ್ರ ಸುಳ್ಳಲ್ಲ.

*

ಕದಿರಪ್ಪನಿಗೆ ಬೀಡಿ ಇಲ್ಲ, ಸೇಂದಿ ಇಲ್ಲ, ಇಸ್ಪೀಟು ಇಲ್ಲ. ಹುರುಳಿಕಾಯಿ, ಬದನೆಕಾಯಿ ಬೆಳೆದು ಅರ್ಧ ಚಿನ್ನದ ಗಣಿಯ ಕೋರಮಂಡಲ್ ಮಾರ್ಕೆಟ್ಟಿಗೆ ಇಳಿಸಿ, ಇನ್ನರ್ಧವನ್ನು ಬಂಗಾರಪೇಟೆಯಲ್ಲಿ ರೈಲಿಗೆ ಹಾಕಿ ಬೆಂಗಳೂರಿಗೆ ಒಯ್ಯುತ್ತಿದ್ದ. ಮಾಲು ಬೆಳಿಗ್ಗೆಯೇ ಖರ್ಚಾಗಿಬಿಡುತ್ತಿತ್ತು, ವಾಪಸ್ ರೈಲು ಸಂಜೆಗೆ. ಐವತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಿಸಿಲು ತಾಳಲಾರದೆ ಕಬ್ಬನ್ ಪಾರ್ಕಿನ ಪಕ್ಕದ ಕೆಂಪು ಕಟ್ಟಡದೊಳಕ್ಕೆ ಹೊಕ್ಕ. ಅದು ಮ್ಯೂಸಿಯಂ ಎಂದು ಅವನಿಗೇನು ಗೊತ್ತು, ತಂಪಾಗಿದೆ ಎಂದಷ್ಟೇ ಗೊತ್ತಾಗಿದ್ದು. ಅಂದು ಹೊಕ್ಕವನು ಮತ್ತೆ ಬಿಡಲಿಲ್ಲ.

ನೋಡುವುದರಲ್ಲೂ ಅವನದೇ ಒಂದು ಕ್ರಮ. ಒಂದು ಸಲಕ್ಕೆ ಒಂದೇ ವಸ್ತು. ಒಂದು ವಾರ ಒಂದು ಕಲ್ಲಿನ ಗಣಪ, ಇನ್ನೊಂದು ವಾರ ಒಂದು ಹಳೆಯ ಕತ್ತಿ, ಮತ್ತೊಂದು ವಾರ ಬಂಗಾರದ ರೇಕು ಒತ್ತಿದ ಪಟ. ಅದರ ಎದುರು ಬುತ್ತಿ ಗಂಟು ಕಾಲ ಬುಡದಲ್ಲಿಟ್ಟುಕೊಂಡು ನಿಂತನೆಂದರೆ ರೈಲಿನ ಹೊತ್ತಿಗೇ ಕದಲುವುದು. ಬಾಗಿಲು ಕಾಯುವವನು "ಏನ್ ಗೌಡ್ರೇ, ಈ ವಾರ ಯಾವುದ್ರ ಸರದಿ?" ಎಂದು ಕೇಳುವಷ್ಟು ಗುರುತಾಗಿಬಿಟ್ಟ. ಎಲ್ಲವನ್ನೂ ಒಂದೇ ದಿನ ಯಾಕೆ ನೋಡಬಾರದು ಎಂದರೆ, "ಪಾಯಸಾನೂ ಸಾರೂ ಒಂದೇ ತಟ್ಟೇಲಿ ಕಲಸ್ಕೊಂಡು ತಿಂತಾರಾ?" ಎನ್ನುವನು. ಒಮ್ಮೆ ಆಸೆ ತಡೆಯಲಾರದೆ ಅದೇ ರೈಲು ದಾರಿಯಲ್ಲಿ ಮದ್ರಾಸಿಗೂ ಹೋಗಿ, ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಕಂಚಿನ ನಟರಾಜನನ್ನು ನೋಡಿ ಬಂದ. ಸಮುದ್ರ ಹೇಗಿತ್ತು ಎಂದು ಊರಿನವರು ಕೇಳಿದರೆ, ಅಯ್ಯೋ, ಅದನ್ನು ನೋಡಲು ಮರೆತೇಹೋಯಿತಲ್ಲ ಎಂದು ತಲೆ ಕೆರೆದುಕೊಂಡ. ಊರು ತಿಂಗಳುಗಟ್ಟಲೆ ಆ ಮಾತು ಹೇಳಿಕೊಂಡು ನಕ್ಕಿತು.

ನಕ್ಕವರೇ ಆಮೇಲೆ ಬೇರೆ ಮಾತೂ ಎತ್ತಿದರು. ಗಂಡಸು ವಾರವಾರ ಬೆಂಗಳೂರಿನಲ್ಲಿ ಹಗಲಿಡೀ ಕಳೆಯುತ್ತಾನೆ ಎಂದರೆ ಕಲ್ಲು ನೋಡುವುದಕ್ಕೆ ಎಂದು ಯಾರು ನಂಬಿಯಾರು? ಅಲ್ಲೊಬ್ಬಳು ಇದ್ದಾಳೆ ಎಂದರು. ಅಂಜಮ್ಮ ಬಾವಿಕಟ್ಟೆಯಲ್ಲಿ ಆ ಮಾತು ಕೇಳಿಸಿಕೊಂಡವಳು, ಮುಂದಿನ ವಾರ ಸೆರಗು ಬಿಗಿದು ಬದನೆಕಾಯಿ ಮೂಟೆಯ ಪಕ್ಕದಲ್ಲೇ ಗಾಡಿ ಹತ್ತಿ ಕೂತಳು.

"ಎಲ್ಲವ್ಳೆ?" ಎಂದಳು, ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತುತ್ತಿದ್ದಂತೆ.

"ಬಾ ತೋರಿಸ್ತೀನಿ" ಎಂದು ಕದಿರಪ್ಪ ನಗುತ್ತಲೇ ಕರೆದುಕೊಂಡು ಹೋಗಿ, ಆಳೆತ್ತರದ ಒಂದು ಕಲ್ಲಿನ ಮುಂದೆ ನಿಲ್ಲಿಸಿದ. ವೀರಗಲ್ಲು. ಮೂರು ಅಂತಸ್ತಾಗಿ ಕೆತ್ತಿದ್ದರು.

"ಇದನ್ನ ನೋಡಾಕಾ ರೈಲಿನ ಒತ್ತಿನ ಗಂಟ ನಿಂತಿರ್ತೀಯ?"

"ನೋಡು ಮೊದ್ಲು. ಆಮ್ಯಾಕೆ ಬೈಯಿ. ಕೆಳಗಿಂದ ಮೇಲಕ್ಕೆ ನೋಡ್ಬೇಕು ಇದನ್ನ. ಇಲ್ಲಿ ನೋಡು, ಕಳ್ರು ಊರ ದನ ಒಡ್ಕೊಂಡು ಓಗ್ತಾವ್ರೆ. ಇವನು ಒಬ್ನೇ ಅಡ್ಡ ನಿಂತ. ಸತ್ತ. ಅದರ ಮೇಲೆ ನೋಡು, ಸತ್ತೋನ್ನ ಮೇಲಕ್ಕೆ ಒತ್ಕೊಂಡು ಓಗ್ತಾವ್ರೆ."

ಅಂಜಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಒರ್ತಿರೋರು ಎಂಗಸ್ರಲ್ವಾ?"

"ಊಂ, ದೇವಲೋಕದ ಎಂಗಸ್ರು."

"ಇವನ ಊರಿನ ಗಂಡಸ್ರು ಎಲ್ಲೋದ್ರು?"

ಕದಿರಪ್ಪ ಹತ್ತಿರ ಬಂದು ಬಗ್ಗಿದ. ಕಲ್ಲನ್ನೇ ನೋಡಿದ. ಆಮೇಲೆ ಬಾಗಿಲು ಕಾಯುವವನು ಇಣುಕಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟ. "ಎಷ್ಟು ಸಲ ನೋಡಿವ್ನಿ ಕಣೆ ಇದನ್ನ! ಒಂದು ದಿನಕ್ಕೂ ನಂಗೆ ಇದು ಒಳೀಲಿಲ್ಲ. ಇನ್ನೇನು ಕಾಣಿಸ್ತದೆ, ಯೇಳು."

ಗಂಡ ತನ್ನನ್ನು ಹಾಗೆ ಆಸೆಯಿಂದ ಕೇಳಿದ್ದು ಅಂಜಮ್ಮನಿಗೆ ನೆನಪಿರಲಿಲ್ಲ. ನಾಚಿಕೆಯಾಯಿತು. ಆದರೂ ಹತ್ತಿರ ಹೋಗಿ ಒಬ್ಬಳ ಕೈಯನ್ನು ತೋರಿಸಿದಳು. "ಕಂಕುಳ ಕೆಳಗೆ ಕೈ ಕೊಟ್ಟವ್ಳೆ ನೋಡು. ಜ್ವರ ಬಂದೋರನ್ನ ಎತ್ತಿ ಕೂರಿಸೋವಾಗ ನಾವು ಇಂಗೇ ಇಡ್ಕೊಳ್ಳೋದು. ಕೆತ್ತಿದೋನು ಮನೇಲಿ ನೋಡವ್ನೆ ಇದನ್ನ." ಕದಿರಪ್ಪ ಆ ಕಲ್ಲಿನ ಕೈಯನ್ನೂ ಹೆಂಡತಿಯ ಕೈಯನ್ನೂ ಒಂದರ ನಂತರ ಒಂದು ನೋಡಿದ. ಸಂಜೆ ರೈಲಿನಲ್ಲಿ ಕಡಲೆಕಾಯಿ ಸುಲಿದು ಸುಲಿದು ಅವಳ ಮಡಿಲಿಗೆ ಹಾಕಿದ.

ಬೆಂಗಳೂರಿನವಳು ಯಾರು ಎಂದು ಬಾವಿಕಟ್ಟೆಯಲ್ಲಿ ಕೇಳಿದವರಿಗೆ ಅಂಜಮ್ಮ, "ನೋಡ್ಕೊಂಡು ಬಂದೆ, ನನಗಿಂತ ಚೆಂದಾಗವ್ಳೆ" ಎಂದು ಬಿಂದಿಗೆ ಎತ್ತಿಕೊಂಡು ಬಂದಳು.

*

ಹಾಗೆ ನೋಡಿ ನೋಡಿ ಪಳಗಿದ ಕಣ್ಣು ತನ್ನ ಊರಿನ ಕಲ್ಲಿನ ಮೇಲೆ ಬೀಳದೆ ಇರುತ್ತದೆಯೇ?

ಕೆರೆಯ ಕಟ್ಟೆಯ ಮೇಲಿನ ಗಂಗಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದ ಇದ್ದವಳು. ತಲೆಯ ಮೇಲೆ ತುರುಬು, ಕಿವಿಯಲ್ಲಿ ಓಲೆ, ಕೈಯಲ್ಲಿ ಕಡಗ, ಹೆಣ್ಣುದೇವರಲ್ಲದೆ ಇನ್ನೇನು? ಮಂಗಳವಾರ ಮಂಗಳವಾರ ಎಣ್ಣೆ, ಅರಿಶಿನ ಬಳಿದು ಬಳಿದು ಮುಖ ಒಂದು ಹಳದಿ ಉಂಡೆಯಾಗಿತ್ತು. ಆದರೆ ಮ್ಯೂಸಿಯಮ್ಮಿನ ಕಲ್ಲುಗಳಲ್ಲಿ ಕದಿರಪ್ಪ ತುರುಬು ಕಟ್ಟಿದ, ಓಲೆ ಇಟ್ಟ, ಕಡಗ ತೊಟ್ಟ ಗಂಡಸರನ್ನು ಬೇಕಾದಷ್ಟು ನೋಡಿದ್ದ. ಅನುಮಾನ ಹತ್ತಿತು. ಹತ್ತಿದ ಮೇಲೆ ಸುಮ್ಮನಿರುವ ಜೀವವಲ್ಲ ಅದು. ಒಂದು ಬೆಳಿಗ್ಗೆ ಹುಣಸೆಹಣ್ಣು, ಸೀಗೆಪುಡಿ, ತೆಂಗಿನ ನಾರು ತಗೊಂಡು ಹೋಗಿ, ಕೈಮುಗಿದು, ಕೂಸಿಗೆ ಎರೆಯುವ ಹಾಗೆ ಮೆತ್ತಗೆ ಉಜ್ಜಿ ತೊಳೆದ. ಮೊದಲು ಹೊರಬಂದದ್ದು ಕಾಲ ಬಳಿ ದನಗಳ ಸಾಲು, ಅದರ ಮೇಲೆ ಕತ್ತಿ. ಆಮೇಲೆ, ಎರಡೂ ತುದಿ ಮೇಲಕ್ಕೆ ತಿರುವಿದ, ಗತ್ತಿನ ಒಂದು ಮೀಸೆ.

ಹಸು ಕರು ಹಾಕಿದ ಸುದ್ದಿ ಹೇಳುವವನ ಹಾಗೆ ಓಡಿದ ಮುನಿಸ್ವಾಮಪ್ಪನ ಮನೆಗೆ. ಅವನು ಇದನ್ನು ಕೇಳಿ ಖುಷಿಪಡುತ್ತಾನೆ ಎಂದುಕೊಂಡಿದ್ದು ಕದಿರಪ್ಪನಂಥವನು ಮಾತ್ರ ಮಾಡಬಹುದಾದ ದಡ್ಡತನ.

"ಪೂಜೆ ಬಿಡ್ರಿ ಅಂದ್ನಾ ನಾನು?" ಎಂದು ಕದಿರಪ್ಪ ಅವತ್ತು, ಮುನಿಸ್ವಾಮಪ್ಪ ಸೇರಿಸಿದ ಊರಿನ ಮುಂದೆ ಕೇಳಿದ. "ನಮ್ಮೂರ ದನ ಉಳಿಸಾಕೆ ಸತ್ತೋನು ಅವನು. ಪೂಜೆ ಅವನಿಗೇ ಸಲ್ಲಲಿ. ಅವನ ಎಸರಲ್ಲಿ ಸಲ್ಲಲಿ ಅಂತೀನಿ."

ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆದರೆ ಆ ವರ್ಷವೇ ದನಗಳಿಗೆ ಕಾಲುಬಾಯಿ ರೋಗ ಬಂತು. ಸುತ್ತಲ ಹತ್ತೂರಿಗೂ ಬಂದಿತ್ತು, ಅವರ್ಯಾರೂ ಯಾವ ದೇವರ ಮುಖವನ್ನೂ ತೊಳೆದಿರಲಿಲ್ಲ, ಯಾರು ಕೇಳುತ್ತಾರೆ? ಗಂಗಮ್ಮನ ಮುಖಕ್ಕೆ ಮೊದಲಿಗಿಂತ ದಪ್ಪಗೆ ಅರಿಶಿನ ಮೆತ್ತಿದರು. ತಪ್ಪೊಪ್ಪಿಕೋ, ಮೀಸೆ ಇಲ್ಲ ಅನ್ನು ಎಂದರು. "ತಾಯಿ ಅಂತ ಕೈ ಮುಗಿ ಅನ್ರಿ, ಮುಗೀತೀನಿ. ಕಣ್ಣಾರೆ ಕಂಡಿದ್ದನ್ನ ಇಲ್ಲ ಅನ್ನು ಅಂದ್ರೆ ಎಂಗ್ ಅನ್ಲಿ?" ಎಂದ ಕದಿರಪ್ಪ. ಮುನಿಸ್ವಾಮಪ್ಪನಿಗೆ ರೇಗಿತು. "ನಿನ್ನ ಚಟ್ಟಕ್ಕೆ ಈ ಊರಲ್ಲಿ ಒಂದು ಎಗಲೂ ಸಿಗಲ್ಲ ಕಣ್ಲಾ" ಎಂದುಬಿಟ್ಟ, ಅದೂ ಗಂಗಮ್ಮನ ಎದುರಿಗೆ.

ಆಮೇಲೆ ಕೋಪ ಇಳಿಯಿತು. ಇಬ್ಬರೂ ಎತ್ತು ಎರವಲು ಕೊಟ್ಟುಕೊಂಡರು, ಮದುವೆ ಮುಂಜಿಗೆ ಹೋಗಿ ಉಂಡರು. ಆದರೆ ದೇವರ ಎದುರು ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳುವುದು ಹೇಗೆಂದು ಮುನಿಸ್ವಾಮಪ್ಪನಿಗೂ ಗೊತ್ತಿರಲಿಲ್ಲ. ಕದಿರಪ್ಪ ಸಾಯುವ ತನಕ ಅದರ ಅಗತ್ಯವೂ ಬಿದ್ದಿರಲಿಲ್ಲ.

*

ಮಧ್ಯಾಹ್ನದ ಬಸ್ಸಿಗೆ ಕೋರಮಂಡಲ್‌ನಿಂದ ಅಮ್ಮಾಜಮ್ಮ ಬಂದಳು. ಮಾರ್ಕೆಟ್ಟಿನಲ್ಲಿ ಕದಿರಪ್ಪನ ಬದನೆಕಾಯಿ ಮಾರುತ್ತಿದ್ದವಳು. ಕೈಯಲ್ಲಿ ಚೆಂಡುಹೂವಿನ ಹಾರ.

"ಎನ್ನಾಚು ಅಕ್ಕಾ, ಏನಾಯ್ತು? ಮೊನ್ನೆ ಕೂಡ ಮೂಟೆ ಇಳಿಸ್ಬುಟ್ಟು, ನಟರಾಜನ್ ಕಾಲು ಎಂಗ್ ಎತ್ತವ್ನೆ ಅಂತ ನಂಗೆ ನಿಂತು ತೋರಿಸಿದ್ರಲ್ಲ ಅಣ್ಣ! ಬೀಳ್ತೀಯ ಅಣ್ಣಾ, ಬ್ಯಾಡ ಅಂದ್ರೂ..." ಎನ್ನುತ್ತಲೇ ಅವಳು ಅತ್ತಳು. ಕನಕಮ್ಮನೂ ಅತ್ತಳು, ಅಪ್ಪ ಒಂಟಿಕಾಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿ ಅಳುವಿನ ನಡುವೆಯೇ ನಕ್ಕಳು. ಅಮ್ಮಾಜಮ್ಮ ಹಾರ ಹಾಕಿ ಹೊರಗೆ ಬಂದು, ಕಟ್ಟಿ ಮುಗಿಸಿದ್ದ ಚಟ್ಟವನ್ನೂ ಬೀದಿಯಾಚೆ ಕೂತ ಗಂಡಸರನ್ನೂ ನೋಡಿದಳು. "ಇನ್ನೂ ಯಾಕೆ ಎತ್ತಿಲ್ಲ?"

ಅಂಜಮ್ಮ ಅಂಗಳಕ್ಕೆ ಇಳಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀದಿ ದಾಟಿ ನೇರವಾಗಿ ಹುಣಸೆಮರದ ಕೆಳಗೆ ಹೋದಳು. ಗಂಡಸರು ಜರುಗಿ ಕೂತರು.

"ಒತ್ತು ಇಳೀತೈತೆ ಅಂಜಮ್ಮ" ಎಂದ ಮುನಿಸ್ವಾಮಪ್ಪ. ಅವನ ದನಿಯಲ್ಲಿ ಗೋಗರೆತವಿತ್ತು. "ಒಂದು ಬಿಂದಿಗೆ ನೀರು. ನಂಗೇನು ಖುಷಿಯಾ ಇದು? ಅವನ ಜೊತೆ ಆಡಿ ಬೆಳೆದೋನು ನಾನು. ಮಾತು ತಾಯಿ ಮುಂದೆ ಆಡ್ಬುಟ್ಟಿವ್ನಿ. ನಂಗೊಂದು ದಾರಿ ಮಾಡ್ಕೊಡವ್ವ."

"ನಿನ್ನ ಮಾತು ನೀನು ಉಳಿಸ್ಕೊ ಮುನಿಸಾಮಣ್ಣ. ನಾನೇನು ಬ್ಯಾಡ ಅಂದ್ನಾ? ಅವನ ಮಾತು ನಾನು ಉಳಿಸ್ಕೊಬೇಕು. ನಮ್ಮ ಮನೇಲಿ ಇರೋದು ಅದೊಂದೇ." ಅಂಜಮ್ಮನ ಕಣ್ಣು ಕದಲಲಿಲ್ಲ. "ಗಂಡಸ್ರು ಎಗಲು ಕೊಡಲ್ಲ ಅಂತ ತಾನೇ ನೀನು ಆಣೆ ಇಟ್ಟಿದ್ದು? ಕೊಡಬ್ಯಾಡ್ರಿ. ನಾವು ಒತ್ಕೊಂಡು ಓಗ್ತೀವಿ."

"ನಾವು ಅಂದ್ರೆ?"

"ಎಂಗಸ್ರು."

ಜಗಲಿಯ ಮೇಲಿದ್ದ ಪೆದ್ದಮ್ಮನಿಗೆ ಅಷ್ಟು ದೂರದಿಂದಲೂ ಅದು ಕೇಳಿಸಿತು. "ಎಲ್ಲಾದ್ರೂ ಉಂಟೇನೇ? ಎಂಗಸ್ರು ಚಟ್ಟ ಒರೋದಾ?"

"ಉಂಟು ಪೆದ್ದಮ್ಮ. ಬೆಂಗಳೂರಲ್ಲಿ ಕಲ್ಲಿನ ಮೇಲೆ ಕೆತ್ತವ್ರೆ, ನಾನು ನೋಡಿವ್ನಿ. ದನ ಉಳಿಸಾಕೋಗಿ ಸತ್ತೋನ್ನ ಒತ್ಕೊಂಡು ಓಗಿದ್ದು ಎಂಗಸ್ರೇ. ಅವನ ಊರೋರು ಯಾರೂ ಬಂದಿರಲಿಲ್ಲ."

ಅವಳು ಹಿಂದಿರುಗಿ ಬಂದಳು. ಹೆಣವನ್ನು ಚಟ್ಟಕ್ಕೆ ತರುವಾಗ ಗಂಡನ ಕಂಕುಳ ಕೆಳಗೆ ತಾನೇ ಕೈ ಕೊಟ್ಟು ಎತ್ತಿದಳು. ಸೀನಪ್ಪ ಅಳುತ್ತ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ಮುಂದಿನ ಎಡಕ್ಕೆ ಅಂಜಮ್ಮ, ಬಲಕ್ಕೆ ಕನಕಮ್ಮ. "ಒಂದು ಮೂಲೆ ನಂದು. ದಿನಾ ಮೂಟೆ ಒರೋ ತಲೆ ಇದು" ಎಂದು ಅಮ್ಮಾಜಮ್ಮ ಹಿಂದಕ್ಕೆ ಹೋದಳು. ನಾಲ್ಕನೆಯ ಮೂಲೆ ಖಾಲಿ ಇತ್ತು. ಜಗಲಿಗಳ ಮೇಲೆ, ಬಾಗಿಲುಗಳ ಸಂದಿನಲ್ಲಿ ಊರಿನ ಹೆಂಗಸರೆಲ್ಲ ಇದ್ದರು. ಅಂಜಮ್ಮ ಯಾರ ಹೆಸರನ್ನೂ ಕರೆಯಲಿಲ್ಲ. ಕರೆದರೆ ಅವರವರ ಮನೆಯಲ್ಲಿ ಅವರಿಗೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಯಾರೂ ಬಾರದಿದ್ದರೆ ಮೂರು ಹೆಗಲಿನಲ್ಲೇ ಎಳೆದುಕೊಂಡು ಹೋಗುವುದು ಎಂದು ಹಲ್ಲು ಕಚ್ಚಿ ಬೊಂಬಿಗೆ ಕೈ ಹಾಕಿದಳು.

ಆಗ ಮುನಿಸ್ವಾಮಪ್ಪನ ಸೊಸೆ ಮುನಿರತ್ನಮ್ಮ ಮನೆಯಿಂದ ಈಚೆ ಬಂದಳು, ಸೊಂಟದಲ್ಲಿ ಹಲ್ಲು ಬರುತ್ತಿದ್ದ ಹೆಣ್ಣುಕೂಸು. ಮಾವನ ಎದುರು ಒಂದು ದಿನಕ್ಕೂ ತಲೆಯೆತ್ತಿ ನಿಂತವಳಲ್ಲ. ಈಗಲೂ ತಲೆ ಬಗ್ಗಿಸಿಕೊಂಡೇ ಹುಣಸೆಮರದ ಕೆಳಗೆ ಹೋಗಿ, ಕೂಸನ್ನು ಮಾವನ ತೊಡೆಯ ಮೇಲೆ ಕೂರಿಸಿದಳು. ಮಾತನ್ನು ಮಾತ್ರ ಬೀದಿಯ ಈಚೆಗಿದ್ದ ಪೆದ್ದಮ್ಮನಿಗೆ ಹೇಳುವವಳ ಹಾಗೆ ಗಟ್ಟಿಯಾಗಿ ಹೇಳಿದಳು.

"ಮಂಗಳವಾರ ಅರಿಶಿನ ಬಳಿಯೋಳು ನಾನು ಪೆದ್ದಮ್ಮ. ಎಷ್ಟು ದಪ್ಪ ಬಳಿದ್ರೂ ಬೆರಳಿಗೆ ಮೀಸೆ ಸಿಕ್ತದೆ. ಸಿಕ್ಕಿದ್ರೂ ಕೈ ಮುಗ್ದು ಬತ್ತೀನಿ. ಈ ಕೂಸು ಆಗಿದ್ದು ಅವನಿಗೆ ಅರಕೆ ಒತ್ತೇ."

"ಎಳೇ ಕೂಸಿನ ತಾಯಿ ಕಣೇ ನೀನು..." ಎಂದಳು ಪೆದ್ದಮ್ಮ, ದನಿ ಇಳಿದುಹೋಗಿತ್ತು.

ಮುನಿರತ್ನಮ್ಮ ಬಂದು ನಾಲ್ಕನೆಯ ಮೂಲೆಗೆ ಹೆಗಲು ಕೊಟ್ಟಳು.

ಚಟ್ಟ ಎದ್ದಿತು. ಒಬ್ಬೊಬ್ಬರದು ಒಂದೊಂದು ಎತ್ತರ. ಒಂದು ಕಡೆ ಏರಿ ಒಂದು ಕಡೆ ಇಳಿದು, ಚೆಂಡುಹೂವಿನ ಹಾರ ಜಾರಿ, ಹೇಗೋ ಸಮವಾಯಿತು. ಬದುಕಿದ್ದಾಗ ಇಷ್ಟು ಭಾರವಿರಲಿಲ್ಲವಲ್ಲ ಇವನು ಎಂದು ಅಂಜಮ್ಮ ಅಂದುಕೊಂಡಳು. ಮೊದಲ ಹೆಜ್ಜೆಗಳಲ್ಲೇ ಹಿಂದೆ ಕೂಸು ಕಿಟಾರನೆ ಕಿರುಚಿಕೊಂಡಿತು. ತಾಯಿ ದೂರವಾಗುತ್ತಿದ್ದಂತೆ ಅಳು ಮುಗಿಲು ಮುಟ್ಟಿತು. ಮುನಿರತ್ನಮ್ಮನ ಹೆಗಲ ಮೇಲಿನ ಬೊಂಬು ಒಮ್ಮೆ ನಡುಗಿದ್ದು ಅಂಜಮ್ಮನ ಹೆಗಲಿಗೆ ತಿಳಿಯಿತು. ಆದರೆ ಮುನಿರತ್ನಮ್ಮ ನಿಲ್ಲಲಿಲ್ಲ, ಅಂಜಮ್ಮನೂ ನಿಲ್ಲಲಿಲ್ಲ.

ಊರು ದಾಟುವಾಗ ಅಳು ದೂರದಲ್ಲಿ ಉಳಿಯಬೇಕಿತ್ತು. ಉಳಿಯಲಿಲ್ಲ. ಒಮ್ಮೆ ತಣ್ಣಗಾಗುತ್ತಿತ್ತು, ಮತ್ತೆ ಶುರುವಾಗುತ್ತಿತ್ತು, ಮತ್ತೆ ತಣ್ಣಗಾಗುತ್ತಿತ್ತು. ರಾಗಿ ಹೊಲಗಳ ನಡುವಿನ ಓಣಿಗೆ ಬಂದಾಗ ಪೂರ್ತಿ ನಿಂತಿತ್ತು. ಹಿಂದೆ ಒಣ ಎಲೆಗಳ ಮೇಲೆ ಬಹಳ ಕಾಲುಗಳ ಸದ್ದು ಇರುವ ಹಾಗೆ ಅಂಜಮ್ಮನಿಗೆ ಅನ್ನಿಸಿತು. ಹೆಗಲ ಮೇಲೆ ಹೊರೆ ಇಟ್ಟುಕೊಂಡು ತಿರುಗಿ ನೋಡುವ ಹಾಗಿರಲಿಲ್ಲ.

ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ಸತ್ತವರ ಕಿವಿಯಲ್ಲಿ ಹೆಸರು ಕೂಗಿ, ದಿಕ್ಕು ತಿರುಗಿಸಿ ಎತ್ತುವ ಜಾಗವೊಂದಿದೆ. ಅಲ್ಲಿ ಇಳಿಸಿದರು. ಅಂಜಮ್ಮ ಮಂಡಿಯೂರಿ ಗಂಡನ ಕಿವಿಯ ಹತ್ತಿರ ಬಾಗಿ ಹೆಸರು ಕೂಗಿದಳು. ಮದುವೆಯಾದಾಗಿನಿಂದ ಅವಳು ಬಾಯಲ್ಲಿ ಆಡಿರದ ಹೆಸರು. ಆಮೇಲೆ ಎದ್ದು ಹಿಂದಕ್ಕೆ ನೋಡಿದಳು.

ಚಟ್ಟಕ್ಕೆ ನಾಲ್ಕು ಮಾರು ಹಿಂದೆ ಮುನಿಸ್ವಾಮಪ್ಪ ಇದ್ದ. ಕೂಸು ಅವನ ಹೆಗಲ ಮೇಲಿತ್ತು, ಬಿಕ್ಕುತ್ತಿತ್ತು, ಅವನ ಅಂಗಿಯೆಲ್ಲ ಜೊಲ್ಲು. ಹಿರಿಯನೇ ನಡೆದ ಮೇಲೆ ಕೂತಿರಲಾರದೆ ಎದ್ದು ಬಂದ ಗಂಡಸರೆಲ್ಲ ಅವನ ಹಿಂದೆ ಓಣಿಯ ಉದ್ದಕ್ಕೂ ನಿಂತಿದ್ದರು. ಅವರಲ್ಲೊಬ್ಬ ಟವೆಲ್ಲು ತೆಗೆದು ಹೆಗಲಿಗೆ ಸುತ್ತಿಕೊಂಡು ಮುಂದೆ ಬಂದ. ಅಂಜಮ್ಮ ಬೇಡ ಎಂದು ತಲೆಯಾಡಿಸಿದಳು. ಅವನು ನಿಂತ.

ಕೂಸು ತಾಯಿಯನ್ನು ಕಂಡು ಎರಡೂ ಕೈ ಚಾಚಿತು. ಮುನಿರತ್ನಮ್ಮ ಅದರ ಕಡೆ ನೋಡಿ, ಸೆರಗಿನಲ್ಲಿ ಹಣೆ ಒರೆಸಿಕೊಂಡು, ಬಗ್ಗಿ ಬೊಂಬನ್ನು ಹಿಡಿದಳು. ಮುನಿಸ್ವಾಮಪ್ಪ ಕೂಸನ್ನು ಬಲ ಹೆಗಲಿನಿಂದ ಎಡ ಹೆಗಲಿಗೆ ಬದಲಾಯಿಸಿಕೊಂಡು, ಬೆನ್ನು ತಟ್ಟುತ್ತ, ಚಟ್ಟ ಏಳುವುದನ್ನೇ ಕಾಯುತ್ತ ನಿಂತ.